ಒಂಬತ್ತನೇ ತಾರೀಕಿನ ಬಸುರಿ ತಪಾಸಣೆ: ದುಡ್ಡಿಲ್ಲದೆ ಸಿಗುವುದೇನು, ಕೇಳಿ ಪಡೆಯಬೇಕಾದ್ದೇನು

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ದಿನ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾದಾಗಿನಿಂದ ಇರುವ ಏರ್ಪಾಡು ಇದು. ನಾಲ್ಕನೇ ತಿಂಗಳಿನಿಂದ ಮುಂದಿನ ಎಲ್ಲ ಗರ್ಭಿಣಿಯರನ್ನೂ ಅಂದು ನರ್ಸ್ ಮಾತ್ರವಲ್ಲ, ವೈದ್ಯರೇ ನೋಡಬೇಕು ಎಂಬುದು ನಿಯಮ. ಭಾನುವಾರವೋ ರಜೆಯೋ ಬಂದರೆ ಮುಂದಿನ ಕೆಲಸದ ದಿನ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಿಪಿ, ರಕ್ತ, ಮೂತ್ರ, ಸಕ್ಕರೆ ಈ ನಾಲ್ಕರ ಮಟ್ಟಿಗೆ, ಸರಿಯಾಗಿ ನಡೆಸುವ ಕೇಂದ್ರವೊಂದು ದುಬಾರಿ ಕ್ಲಿನಿಕ್ಕಿಗೆ ಏನೂ ಕಡಿಮೆಯಿಲ್ಲ. ಸ್ಕ್ಯಾನಿಂಗ್‌ಗೆ, ಸಾವಧಾನವಾಗಿ ಕೂತು ಪ್ರಶ್ನೆ ಕೇಳುವುದಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ. ಚೊಚ್ಚಲ ಬಸುರಿಯಾಗಿ ಖಾಸಗಿ ವೈದ್ಯರಲ್ಲಿ ತೋರಿಸುತ್ತಿದ್ದರೂ ಇಲ್ಲಿ ಹೆಸರು ಬರೆಸಿ ತಾಯಿ ಕಾರ್ಡ್ ಇಟ್ಟುಕೊಳ್ಳುವುದರಿಂದ ನಷ್ಟವಿಲ್ಲ, ಲಾಭವೇ ಜಾಸ್ತಿ.

ಕಾರ್ಡ್ ಮಾಡಿಸಲು 12 ವಾರದೊಳಗೆ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನೋ ಉಪಕೇಂದ್ರದ ಸಿಸ್ಟರನ್ನೋ ಹಿಡಿಯಿರಿ. ಆಧಾರ್, ಫೋನ್ ನಂಬರು, ಬ್ಯಾಂಕ್ ಪಾಸ್‌ಬುಕ್ ಸಾಕು. ಇಲ್ಲಿ ಆಗುವ ದೊಡ್ಡ ಎಡವಟ್ಟು ದಿನಾಂಕದ್ದು. ‘ಯಾವಾಗ ನಿಂತಿತು?’ ಎಂದು ಕೇಳಿದಾಗ ಅನೇಕರು ಮುಟ್ಟು ಬಾರದೆ ಹೋದ ತಾರೀಕು ಹೇಳುತ್ತಾರೆ. ಬರೆಯಬೇಕಾದ್ದು ಕೊನೆಯ ಮುಟ್ಟಿನ ಮೊದಲ ದಿನ; ಅಲ್ಲಿಂದ 280 ದಿನ ಎಣಿಸಿ ಹೆರಿಗೆಯ ದಿನ ಹಾಕುತ್ತಾರೆ. ಇದು ತಪ್ಪಿದರೆ ಇಡೀ ಲೆಕ್ಕ ಒಂದು ತಿಂಗಳು ಜಾರುತ್ತದೆ. 20ನೇ ವಾರದ ಸ್ಕ್ಯಾನ್ 24ರಲ್ಲಿ ಆಗುತ್ತದೆ, ಸರಿಯಾಗಿಯೇ ಬೆಳೆಯುತ್ತಿರುವ ಮಗು ‘ದೊಡ್ಡದಾಗಿದೆ’ ಅನ್ನಿಸಿಕೊಳ್ಳುತ್ತದೆ. ಕಾರ್ಡಿನಲ್ಲಿ ಆರ್‌ಸಿಎಚ್ ನಂಬರು (ಸರ್ಕಾರದ ತಾಯಿ-ಮಗು ದಾಖಲೆಯಲ್ಲಿ ನಿಮ್ಮ ನೋಂದಣಿ ಸಂಖ್ಯೆ) ಬರೆದಿದ್ದಾರೋ ನೋಡಿಕೊಂಡು ಒಂದು ಫೋಟೋ ತೆಗೆದಿಡಿ. ಸೀಮಂತ ಮುಗಿಸಿ ತವರಿಗೆ ಹೊರಟವರಿಗೆ ಬೇಕಾಗುವುದು ಆ ನಂಬರೇ.

ತಪಾಸಣೆಯ ದಿನ ಬೆಳಿಗ್ಗೆ 9ಕ್ಕೆಲ್ಲ ಅಲ್ಲಿರಬೇಕು. ಮೊದಲು ಗ್ಲೂಕೋಸ್ ಕುಡಿಸಲು ಕೇಳಿ, ಉಳಿದದ್ದೆಲ್ಲ ಆಮೇಲೆ. ಸಕ್ಕರೆ ಪರೀಕ್ಷೆಗೆ ಎರಡು ಗಂಟೆ ಹಿಡಿಯುತ್ತದೆ; ಸರದಿ ಬಂದಾಗ ಕುಡಿದರಾಯಿತು ಎಂದು ಕೂತರೆ ಪ್ರಯೋಗಾಲಯದವರ ಊಟದ ಹೊತ್ತಾಗಿರುತ್ತದೆ, ಒಂದೂವರೆ ಗಂಟೆಗೇ ಸೂಜಿ ಚುಚ್ಚಿ ಕಳಿಸುವ ಆತುರ ಹುಟ್ಟುವುದು ಆಗಲೇ. ಕ್ರಮ ಹೀಗಿದೆ: 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿ.ಲೀ. ನೀರಿನಲ್ಲಿ ಕರಗಿಸಿ ಐದರಿಂದ ಹತ್ತು ನಿಮಿಷದೊಳಗೆ ಕುಡಿಯಬೇಕು. ಖಾಲಿ ಹೊಟ್ಟೆಯೇ ಆಗಬೇಕೆಂದಿಲ್ಲ. ತಿಂಡಿ ತಿಂದು ಬಂದವರಿಗೂ ಮಾಡುವಂತೆಯೇ ಈ ಪರೀಕ್ಷೆಯನ್ನು ರೂಪಿಸಿದ್ದಾರೆ, ಹಳ್ಳಿಯಿಂದ ಬಸ್ಸು ಹತ್ತಿ ಬರುವವರಿಗೆ ಇದು ದೊಡ್ಡ ಉಪಕಾರ. ಆದರೆ ಕುಡಿದ ಮೇಲೆ ಎರಡು ಗಂಟೆ ಏನೂ ತಿನ್ನುವಂತಿಲ್ಲ, ಹೊರಗೆ ಓಡಾಡುವಂತಿಲ್ಲ. ಅರ್ಧ ಗಂಟೆಯೊಳಗೆ ವಾಂತಿಯಾದರೆ ಅಂದಿನ ಪರೀಕ್ಷೆ ಲೆಕ್ಕಕ್ಕಿಲ್ಲ, ಇನ್ನೊಂದು ದಿನ ಮಾಡಿಸಬೇಕು. ಆಮೇಲೆ ಆದರೆ ಮುಂದುವರಿಸಬಹುದು. ಎರಡು ಗಂಟೆಯ ಅಂಕಿ 140 ಅಥವಾ ಹೆಚ್ಚಿದ್ದರೆ ಗರ್ಭಾವಸ್ಥೆಯ ಮಧುಮೇಹ. ಇದನ್ನು ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ ಮಾಡಬೇಕು. ಮೊದಲನೆಯದು ಚೆನ್ನಾಗಿ ಬಂತೆಂದು ಎರಡನೆಯದನ್ನು ಬಿಟ್ಟುಬಿಡುವುದು ತೀರಾ ಸಾಮಾನ್ಯ. ಸಕ್ಕರೆ ಏರುವುದು ಹೆಚ್ಚಾಗಿ ಆ ಎರಡನೇ ಹೊತ್ತಿನಲ್ಲೇ, ಹಾಗಾಗಿ ಕೇಳಿಯಾದರೂ ಮಾಡಿಸಿ.

ಬಿಪಿ ನೋಡುವುದರಲ್ಲಿ ಕೇಂದ್ರಗಳು ಸೋಲುವುದು ಯಂತ್ರದಿಂದಲ್ಲ, ಅವಸರದಿಂದ. ಸಾಲಿನಲ್ಲಿ ನಿಂತು ದಣಿದವಳನ್ನು ಕೂರಿಸಿದ ಕೂಡಲೇ, ಚೂಡಿದಾರದ ತೋಳಿನ ಮೇಲೆಯೇ ಪಟ್ಟಿ ಸುತ್ತಿಬಿಡುತ್ತಾರೆ. ಐದು ನಿಮಿಷ ಬೆನ್ನು ಆನಿಸಿ ಕೂತು, ಪಾದ ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು, ಬರಿಯ ತೋಳಿಗೆ ಪಟ್ಟಿ ಕಟ್ಟಿದರೆ ಮಾತ್ರ ಅಂಕಿಗೆ ಅರ್ಥ. ಸಡಿಲ ತೋಳಿನ ಬಟ್ಟೆ ಹಾಕಿಕೊಂಡು ಹೋದರೆ ಅರ್ಧ ಸಮಸ್ಯೆ ಬಗೆಹರಿಯಿತು. 140/90 ಬಂದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಲು ಹೇಳಿ. ಮತ್ತೆಯೂ ಅಷ್ಟೇ ಇದ್ದರೆ ಅಂದೇ ವೈದ್ಯರ ಮುಂದೆ ಹೋಗಬೇಕು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ನೋಡುವುದೂ ಬಸುರಿನ ಬಿಪಿ ತೊಂದರೆಯನ್ನು ಹಿಡಿಯುವುದಕ್ಕೇ. ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ, ಬಿಳಿಸೆರಗು ಬೆರೆತರೆ ಇಲ್ಲದ ಅಲ್ಬುಮಿನ್ ಇದ್ದಂತೆ ತೋರೀತು.

ಇನ್ನು ‘ರಕ್ತ ಕಡಿಮೆ ಇದೆ’ ಎಂಬ ಮಾತು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿದ್ದರೆ ತೀವ್ರ. ಬೆರಳು ಚುಚ್ಚಿ ನೋಡುವ ಕಡೆ ಬೆರಳನ್ನು ಜೋರಾಗಿ ಹಿಂಡಿದರೆ ರಕ್ತದ ಜೊತೆ ನೀರಿನಂಶವೂ ಬಂದು ಅಂಕಿ ಕೆಳಗೆ ಬೀಳುತ್ತದೆ. ಕೈ ಬೆಚ್ಚಗಿಟ್ಟುಕೊಂಡು ಹೋಗಿ; ಮೊದಲ ಹನಿಯನ್ನು ಒರೆಸಿ ಮುಂದಿನದನ್ನು ತೆಗೆಯಬೇಕು. ಕಬ್ಬಿಣದ ಕೆಂಪು ಮಾತ್ರೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180, ಹೆರಿಗೆಯಾದ ಮೇಲೆ ಮತ್ತೆ 180, ಎಲ್ಲವೂ ಉಚಿತ. ಒಂದೊಂದರಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ರಕ್ತಹೀನತೆ ಇದ್ದರೆ ದಿನಕ್ಕೆ ಎರಡು ಕೊಡುತ್ತಾರೆ, ಒಂದು ತಿಂಗಳಲ್ಲಿ ಒಂದು ಗ್ರಾಂ ಕೂಡ ಏರದಿದ್ದರೆ ಮೇಲಿನ ಆಸ್ಪತ್ರೆಗೆ ಕಳಿಸಬೇಕು.

ಈ ಮಾತ್ರೆಯ ಮೇಲೆ ದೂರುಗಳು ಬಹಳ: ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಕಟ್ಟುತ್ತದೆ. ಕಪ್ಪಾಗುವುದಕ್ಕೆ ಹೆದರಬೇಕಿಲ್ಲ. ತೊಳಸುವವರು ರಾತ್ರಿ ಊಟವಾದ ಮೇಲೆ ನುಂಗಿ ನೋಡಲಿ. ಏರಬೇಕಾದ ರಕ್ತ ಏರದೆ ಇರುವುದಕ್ಕೆ ಮಾತ್ರೆಗಿಂತ ಹೆಚ್ಚಾಗಿ ಅದರ ಜೊತೆಗಾರರೇ ಕಾರಣ. ಕಾಫಿ, ಟೀ ಕುಡಿದ ಒಂದು ಗಂಟೆ ಆಸುಪಾಸಿನಲ್ಲಿ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಅದೇ ಕೇಂದ್ರದಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆಯನ್ನು (500 ಮಿ.ಗ್ರಾಂ, ದಿನಕ್ಕೆ ಎರಡು) ಇದರ ಜೊತೆ ನುಂಗಿದರೂ ಅಷ್ಟೇ, ಎರಡು ಗಂಟೆಯಾದರೂ ಅಂತರವಿರಲಿ. ಬೆಳಗಿನ ತಿಂಡಿಯ ಮೇಲೆ ಒಂದು ಕ್ಯಾಲ್ಸಿಯಂ, ಮಧ್ಯಾಹ್ನದ ಊಟದ ಮೇಲೆ ಇನ್ನೊಂದು, ರಾತ್ರಿ ಕಬ್ಬಿಣ, ಜೊತೆಗೆ ಒಂದು ಲೋಟ ನಿಂಬೆಹಣ್ಣಿನ ಪಾನಕ: ಹೆಚ್ಚಿನವರಿಗೆ ಇದು ಒಗ್ಗುತ್ತದೆ. ರಾಗಿ ತಿಂದರೆ ರಕ್ತವಾಗುತ್ತದೆ ಎನ್ನುವ ಹಿರಿಯರಿಗೆ ಎದುರಾಡಬೇಕಿಲ್ಲ, ಆದರೆ ರಾಗಿಯ ದೊಡ್ಡ ಗುಣ ಸುಣ್ಣದಂಶ. ಮುದ್ದೆ ನಂಬಿ ಮಾತ್ರೆ ಬಿಡುವಂತಿಲ್ಲ. ಎರಡು ಮಾತ್ರೆಗಳನ್ನೂ ಒಂದೇ ಕವರಿಗೆ ಹಾಕಿ, ಹೇಗೆ ನುಂಗಬೇಕೆಂದು ಒಂದು ಮಾತೂ ಹೇಳದೆ ಕಳಿಸುವುದು ಈ ಸೇವೆಯ ಬಲು ಬೇಸರದ ಕೊರತೆ.

ಟಿಡಿ (ಧನುರ್ವಾಯು, ಗಂಟಲಮಾರಿ ತಡೆಯುವ) ಚುಚ್ಚುಮದ್ದು ಎರಡು, ನಾಲ್ಕು ವಾರದ ಅಂತರದಲ್ಲಿ. ಜಂತುಹುಳುವಿನ ಮಾತ್ರೆ ಒಮ್ಮೆ, ನಾಲ್ಕನೇ ತಿಂಗಳಾದ ಮೇಲೆ. ಎಚ್‌ಐವಿ, ಸಿಫಿಲಿಸ್, ರಕ್ತದ ಗುಂಪು ಇವೆಲ್ಲ ಅಲ್ಲೇ ಆಗುತ್ತವೆ. ಗುಂಪು ನೆಗೆಟಿವ್ ಬಂದು ಗಂಡನದು ಪಾಸಿಟಿವ್ ಇದ್ದರೆ, ತಾಯಿಯ ಮೈ ಮಗುವಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವ 28ನೇ ವಾರದ ಆ್ಯಂಟಿ-ಡಿ ಚುಚ್ಚುಮದ್ದು ಎಲ್ಲಿ ಸಿಗುತ್ತದೆ ಎಂದು ಆರನೇ ತಿಂಗಳಲ್ಲೇ ವಿಚಾರಿಸಿಡಿ. ಮಗುವಿನದೂ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು ಬೇಕು. ಥೈರಾಯ್ಡ್ ಪರೀಕ್ಷೆ ಮಾತ್ರ ಎಲ್ಲರಿಗೂ ಮಾಡುವ ಪಟ್ಟಿಯಲ್ಲಿಲ್ಲ, ಅನುಮಾನವಿದ್ದರೆ ಕೇಳಿ ಮಾಡಿಸಬೇಕು.

ವೈದ್ಯರು ನೋಡಿದ ಮೇಲೆ ಕಾರ್ಡಿಗೆ ಬಣ್ಣದ ಚೀಟಿ ಅಂಟಿಸುತ್ತಾರೆ. ಹಸಿರು ಎಂದರೆ ತೊಂದರೆಯಿಲ್ಲ, ಕೆಂಪು ಹೆಚ್ಚು ಅಪಾಯ, ನೀಲಿ ಬಸುರಿನಲ್ಲಿ ಬಂದ ಬಿಪಿ, ಹಳದಿ ಸಕ್ಕರೆ, ಥೈರಾಯ್ಡ್‌ನಂಥ ಜೊತೆ ಕಾಯಿಲೆ. ಒಳ್ಳೆಯ ಉಪಾಯ. ನಡುರಾತ್ರಿ ಬೇರೆ ಊರಿನ ಆಸ್ಪತ್ರೆಗೆ ಹೋದರೂ ಪುಟ ತಿರುವದೆ ವಿಷಯ ತಿಳಿಯುತ್ತದೆ. ಚೀಟಿ ಮುಗಿದಿದೆ ಎಂದರೆ ಬಿಡಬೇಡಿ, ಪೆನ್ನಿನಲ್ಲಾದರೂ ಬರೆಸಿಕೊಳ್ಳಿ. ಅಂದಿನ ಬಿಪಿ, ತೂಕ, ಹಿಮೋಗ್ಲೋಬಿನ್ ಕಾಲಂಗಳು ಖಾಲಿ ಉಳಿದಿದ್ದರೆ ಅಲ್ಲೇ ತುಂಬಿಸಿಕೊಂಡು ಹೊರಡಿ.

ಸ್ಕ್ಯಾನಿಂಗ್ ಇದರ ಬಡ ಮೂಲೆ. ಸಾಮಾನ್ಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಯಂತ್ರವಿರುವುದಿಲ್ಲ, ತಾಲ್ಲೂಕು ಆಸ್ಪತ್ರೆಗೆ ಬರೆದುಕೊಡುತ್ತಾರೆ, ಅಲ್ಲಿ ಕಾಯಬೇಕು. 11ರಿಂದ 13 ವಾರದ ಸ್ಕ್ಯಾನ್ ಒಂದು, ಅಂಗಾಂಗ ನೋಡುವ 18ರಿಂದ 20 ವಾರದ್ದು ಇನ್ನೊಂದು: ಇವೆರಡೂ ವಾರ ತಪ್ಪಿದರೆ ಪ್ರಯೋಜನ ಕಡಿಮೆ. ಸರದಿ ಸಿಗದಿದ್ದರೆ ಕಾಯುತ್ತ ಕೂರದೆ ದುಡ್ಡು ಕೊಟ್ಟಾದರೂ ಮಾಡಿಸುವುದು ವಾಸಿ. ಗುರುತಿನ ಚೀಟಿ ಒಯ್ಯಿರಿ, ಪ್ರತಿ ಸ್ಕ್ಯಾನಿಗೂ ಫಾರಂಗೆ ಸಹಿ ಹಾಕಬೇಕು. ಗಂಡೋ ಹೆಣ್ಣೋ ಕೇಳುವುದೂ ಹೇಳುವುದೂ ಅಪರಾಧ.

ಹಣದ ವಿಷಯ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂಪಾಯಿ: ಹೆಸರು ಬರೆಸಿ ಒಂದು ತಪಾಸಣೆಯಾದ ಮೇಲೆ 3,000, ಮಗುವಿನ ಜನನ ನೋಂದಣಿ ಮತ್ತು ಮೊದಲ ಸುತ್ತಿನ ಲಸಿಕೆಗಳ ನಂತರ 2,000. ಬಿಪಿಎಲ್ ಕಾರ್ಡ್, ಇ-ಶ್ರಮ್ ಕಾರ್ಡ್ ಅಥವಾ ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷಕ್ಕಿಂತ ಕಡಿಮೆ ಎಂಬ ಪತ್ರ, ಇಂಥ ಯಾವುದಾದರೊಂದು ಬೇಕು. ಹಣ ಬೀಳುವುದು ಆಧಾರ್ ಜೋಡಣೆಯಾದ, ಹೆಂಗಸಿನ ಸ್ವಂತ ಖಾತೆಗೆ. ಆಧಾರಿನಲ್ಲಿ ಅಪ್ಪನ ಹೆಸರು, ಪಾಸ್‌ಬುಕ್ಕಿನಲ್ಲಿ ಗಂಡನ ಹೆಸರು ಅಂಟಿಕೊಂಡು ಅರ್ಜಿ ಸಿಕ್ಕಿಬೀಳುವುದುಂಟು. ಮೂರನೇ ತಿಂಗಳಲ್ಲೇ ಸರಿಪಡಿಸಿದರೆ ಓಡಾಟ ತಪ್ಪುತ್ತದೆ.

ತವರಿಗೆ ಹೋಗುವವರು ಹೊರಡುವ ಮೊದಲು ಅಲ್ಲಿನ ಆಶಾಗೆ ಫೋನ್ ಮಾಡಿ ಆರ್‌ಸಿಎಚ್ ನಂಬರು ಕೊಡಲಿ. ಇಲ್ಲದಿದ್ದರೆ ಎರಡು ಊರಿನ ಪಟ್ಟಿಯ ನಡುವೆ ಹೆಸರು ಕಳೆದುಹೋಗಿ 36ನೇ ವಾರದ ತಪಾಸಣೆ ಯಾರ ಜವಾಬ್ದಾರಿಯೂ ಆಗುವುದಿಲ್ಲ. ಆ ಭೇಟಿಯಲ್ಲಿ ಮಗುವಿನ ತಲೆ ಕೆಳಗಿದೆಯೇ, ಹೆರಿಗೆ ಯಾವ ಆಸ್ಪತ್ರೆಯಲ್ಲಿ, ರಕ್ತ ಬೇಕಾದರೆ ಎಲ್ಲಿ ಎಂಬ ಮೂರನ್ನೂ ಕೇಳಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಹೆರಿಗೆಗೆ ಕರೆದೊಯ್ಯಲು 108, ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ. ಎರಡಕ್ಕೂ, ಸರ್ಕಾರಿ ಆಸ್ಪತ್ರೆಯ ಹೆರಿಗೆಗೂ, ಸಿಸೇರಿಯನ್‌ಗೂ, ಔಷಧಿಗೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಹಣ ಕೊಡುವಂತಿಲ್ಲ. ಯಾರಾದರೂ ಕೇಳಿದರೆ ರಸೀದಿ ಕೊಡಿ ಎಂದು ಕೇಳಿ.