ಬಿಸಿಲಾಗದವರು ಹಂಪಿಗೆ ಯಾವಾಗ ಹೋಗಬೇಕು: ಡಿಸೆಂಬರೋ, ಆಷಾಢವೋ?

ನನಗೆ ಬಿಸಿಲು ಆಗಿಬರುವುದಿಲ್ಲ. ನೆತ್ತಿ ಸ್ವಲ್ಪ ಕಾದರೂ ತಲೆನೋವು ಶುರು. ಹಾಗಂತ ಹಂಪಿ, ಬಾದಾಮಿ ಬಿಟ್ಟಿರುವುದಕ್ಕೂ ಆಗಲ್ಲ. ಅದಕ್ಕೇ ಬೇರೆ ಬೇರೆ ಕಾಲದಲ್ಲಿ ಹೋಗಿ ನೋಡಿದ್ದೇನೆ. ಯಾರನ್ನು ಕೇಳಿದರೂ ಡಿಸೆಂಬರ್ ಅನ್ನುತ್ತಾರೆ. ನನ್ನ ಓಟು ಆಷಾಢಕ್ಕೆ.

ಏಪ್ರಿಲ್, ಮೇ ತಿಂಗಳ ಮಾತೇ ಬೇಡ. ಹೊಸಪೇಟೆ ಕಡೆ ಆಗ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಅದಕ್ಕಿಂತ ದೊಡ್ಡ ಕಾಟ ಬಂಡೆಯದ್ದು. ಹಗಲೆಲ್ಲ ಕಾದ ಗ್ರಾನೈಟ್ ಹೊತ್ತು ಮುಳುಗಿದ ಮೇಲೂ ಝಳ ಬಿಡುತ್ತಲೇ ಇರುತ್ತದೆ. ತಂಪಿಗೆ ಅಂತ ಸಂಜೆ ಹೇಮಕೂಟದ ಮೇಲೆ ಕೂತರೆ ಕೆಳಗಿನಿಂದ ಬಿಸಿ. ವಿರೂಪಾಕ್ಷನ ಗುಡಿಗೆ ಚಪ್ಪಲಿ ಬಿಟ್ಟು ಹೋಗಬೇಕಲ್ವಾ? ಮಧ್ಯಾಹ್ನ ಆ ಅಂಗಳ ದಾಟುವವರನ್ನು ನೋಡಬೇಕು. ಹಿಮ್ಮಡಿ ಎತ್ತಿಕೊಂಡು ಗೋಪುರದ ನೆರಳಿನಿಂದ ಮಂಟಪದ ನೆರಳಿಗೆ ಒಂದೇ ಓಟ. ಅಲ್ಲಿ ಉಸಿರು ಬಿಟ್ಟು, ಇನ್ನೊಂದು ಓಟ. ಹಂಪಿಯಲ್ಲಿ ನಾನು ಡಿಗ್ರಿ ನೋಡುವುದು ಬಿಟ್ಟಿದ್ದೇನೆ. ಮೋಡ ಇದೆಯಾ, ಬಂಡೆ ಕಾದಿದೆಯಾ, ಅಷ್ಟೇ ಲೆಕ್ಕ.

ಇನ್ನು ಡಿಸೆಂಬರಿನ ಮಾತು. ಬೆಳಗಿನ ಜಾವ ಚಳಿ ಚೆನ್ನಾಗಿರುತ್ತದೆ, ಮತಂಗ ಬೆಟ್ಟ ಹತ್ತುವಾಗ ಸ್ವೆಟರ್ ಬೇಕು. ಹಗಲಲ್ಲಿ 30 ಡಿಗ್ರಿಯ ಆಸುಪಾಸು. ಕೇಳುವುದಕ್ಕೆ ಹಿತವಾಗಿಯೇ ಇದೆ. ಆದರೆ ಆಕಾಶದಲ್ಲಿ ಒಂದು ಚೂರೂ ಮೋಡ ಇರುವುದಿಲ್ಲ. ಹನ್ನೊಂದರಿಂದ ಮೂರರವರೆಗೆ ಬಿಸಿಲು ಚುರ್ ಅನ್ನುತ್ತದೆ. ಮಹಾನವಮಿ ದಿಬ್ಬ, ರಾಣಿ ಸ್ನಾನದ ಕೊಳ, ಈ ಬಯಲಲ್ಲಿ ನಿಲ್ಲಲು ನೆರಳೇ ಇಲ್ಲ. ಹೊತ್ತೂ ಬೇಗ ಮುಳುಗುತ್ತದೆ, ಆರಕ್ಕೆಲ್ಲ ಮುಗಿಯಿತು. ಅಂದರೆ ತಂಪಾಗಿ ಓಡಾಡುವ ಹೊತ್ತು ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು. ಇದರ ಜೊತೆ ಟಿಕೆಟ್ ತಾಪತ್ರಯ. ವಿಜಯ ವಿಠ್ಠಲ, ಕಮಲ ಮಹಲು, ಕಮಲಾಪುರದ ಮ್ಯೂಸಿಯಂ ಮೂರಕ್ಕೂ ಒಂದೇ ಟಿಕೆಟ್, ಆದರೆ ಅದು ಅವತ್ತಿಗೆ ಮಾತ್ರ. ಮಧ್ಯಾಹ್ನ ರೂಮಿನಲ್ಲಿ ಮಲಗುವ ನನ್ನಂಥವರು ಮರುದಿನ ಮತ್ತೆ ಟಿಕೆಟ್ ತೆಗೆಸಬೇಕು.

ಜನ ಬೇರೆ. ಶಾಲೆ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಕಲ್ಲಿನ ರಥದ ಮುಂದೆ ಫೋಟೋಗೆ ಸರದಿ. ಬ್ಯಾಟರಿ ಗಾಡಿಗೆ ಕಾಯುವುದೂ ಬಿಸಿಲಲ್ಲೇ. ಕ್ರಿಸ್‌ಮಸ್ ವಾರದಲ್ಲಿ ಹೊಸಪೇಟೆಯ ಲಾಡ್ಜಿನವರು ಹೇಳಿದ್ದೇ ರೇಟು.

ಆಷಾಢಕ್ಕೆ ಬರೋಣ. ಥರ್ಮಾಮೀಟರ್ ಹಿಡಿದರೆ ಜುಲೈಯೇ ಡಿಸೆಂಬರಿಗಿಂತ ಒಂದೆರಡು ಡಿಗ್ರಿ ಜಾಸ್ತಿ ತೋರಿಸುತ್ತದೆ. ರಾತ್ರಿಯೂ ಅಷ್ಟು ತಣ್ಣಗಿರುವುದಿಲ್ಲ. ಆದರೆ ನೆತ್ತಿ ಮೇಲೆ ಮೋಡದ ಚಪ್ಪರ. ಅದರ ಮೇಲೆ ಆಷಾಢದ ಗಾಳಿ. ಮಾಲ್ಯವಂತ ಬೆಟ್ಟದ ಮೇಲೆ ನಿಂತರೆ ಟೋಪಿ ಕೈಯಲ್ಲೇ ಹಿಡಿದುಕೊಳ್ಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಬಂಡೆ ಮುಟ್ಟಿ ನೋಡಿದ್ದೇನೆ, ಬೆಚ್ಚಗಿತ್ತು ಅಷ್ಟೆ. ಕೈ ಊರಿಕೊಂಡು ಹತ್ತಬಹುದು. ಬೆಳಕು ಏಳರವರೆಗೂ ಇರುತ್ತದೆ.

ಮಳೆ ಬರುವುದಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ಬರುತ್ತದೆ, ಆದರೆ ಮಲೆನಾಡಿನ ಥರ ಅಲ್ಲ. ಪಶ್ಚಿಮ ಘಟ್ಟ ಮೋಡವನ್ನು ತಡೆದು ಬಹುಪಾಲು ಮಳೆ ಅಲ್ಲೇ ಸುರಿಸಿಕೊಳ್ಳುತ್ತದೆ. ಹೊಸಪೇಟೆ, ಬಳ್ಳಾರಿ ಇರುವುದು ಮಳೆ ನೆರಳಿನಲ್ಲಿ. ಇಲ್ಲಿಗೆ ಸಿಗುವುದು ಮೋಡ, ಗಾಳಿ, ಆಗಾಗ ಒಂದು ತುಂತುರು. ಮಂಟಪದೊಳಗೆ ಹೋಗಿ ನಿಂತರೆ ಕಾಲು ಗಂಟೆಯಲ್ಲಿ ಬಿಡುತ್ತದೆ. ಇಲ್ಲಿ ಮಳೆ ಜೋರಾಗುವುದು ಸಾಮಾನ್ಯವಾಗಿ ಸೆಪ್ಟೆಂಬರ್ ಹೊತ್ತಿಗೆ.

ಆಷಾಢದಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ. ರೂಮು ಚೌಕಾಸಿ ಮಾಡಿ ಹಿಡಿಯಬಹುದು. ಅಂಜನಾದ್ರಿ ಮೆಟ್ಟಿಲ ಮೇಲೂ ನೂಕುನುಗ್ಗಲು ಕಡಿಮೆ. ಶ್ರಾವಣ ಬಂತೋ, ಶನಿವಾರ ಆ ಕಡೆ ತಲೆ ಹಾಕುವಂತಿಲ್ಲ.

ಕಷ್ಟ ಇಲ್ಲ ಅಂತಲ್ಲ. ಮೋಡ ಸರಿದು ಬಿಸಿಲು ಬಿದ್ದರೆ ಸೆಕೆಯೋ ಸೆಕೆ, ಅಂಗಿ ಬೆನ್ನಿಗೆ ಅಂಟುತ್ತದೆ. ತುಂತುರು ಬಿದ್ದ ಮೇಲೆ ಮತಂಗದ ದಾರಿ ಜಾರುತ್ತದೆ, ಸೂರ್ಯೋದಯದ ಆಸೆಯನ್ನಂತೂ ಬಿಟ್ಟುಬಿಡಬೇಕು. ದೊಡ್ಡ ತೊಡಕು ಹೊಳೆಯದ್ದು. ಹಂಪಿಯಲ್ಲಿ ಮಳೆ ಬಾರದಿದ್ದರೂ ಶಿವಮೊಗ್ಗ, ಚಿಕ್ಕಮಗಳೂರಿನ ನೀರೆಲ್ಲ ತುಂಗಭದ್ರೆಗೇ ಬರಬೇಕಲ್ಲ. ಅಣೆಕಟ್ಟು ತುಂಬಿ ಗೇಟು ತೆಗೆದರೆಂದರೆ ಪುರಂದರ ಮಂಟಪ ಮುಳುಗುತ್ತದೆ, ತೆಪ್ಪ, ದೋಣಿ ನಿಲ್ಲುತ್ತವೆ. ಹೊಳೆಯಾಚೆಯ ಆನೆಗುಂದಿಗೆ ಬುಕ್ಕಸಾಗರದ ಸೇತುವೆ ಮೇಲೆ ಸುತ್ತು ಹಾಕಬೇಕು. ಗೇಟು ತೆಗೆಯುವುದು ಹೆಚ್ಚಾಗಿ ಜುಲೈ ಕೊನೆಗೆ ಅಥವಾ ಆಗಸ್ಟಿನಲ್ಲಿ. ತೆಪ್ಪದಲ್ಲಿ ಕೂರುವ ಆಸೆ ಇದ್ದರೆ ಜುಲೈ ಮೊದಲ ವಾರ ಹೋಗಿ. ನನಗಂತೂ ತೆಪ್ಪಕ್ಕಿಂತ ತುಂಬಿದ ಹೊಳೆ ನೋಡುವುದೇ ಇಷ್ಟ.

ದೀಪಾವಳಿ ಆಸುಪಾಸು? ಹಸಿರು ಚೆನ್ನಾಗಿರುತ್ತದೆ, ಆದರೆ ಅಕ್ಟೋಬರ್ ಬಿಸಿಲಿಗೆ ಒಂದು ಥರ ಬೇಗೆ. ನವೆಂಬರ್ ಕೊನೆ ವಾಸಿ. ಫೆಬ್ರುವರಿ ನನಗೆ ಬೇಡವೇ ಬೇಡ. ರಥಸಪ್ತಮಿ ಕಳೆದರೆ ಬಿಸಿಲು ಚುರುಕಾಗುತ್ತದೆ, ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ. ಇತ್ತೀಚೆಗೆ ಹಂಪಿ ಉತ್ಸವವೂ ಜನವರಿ ಕೊನೆ, ಫೆಬ್ರುವರಿ ಅಂತ ಮುಂದಕ್ಕೆ ಹೋಗಿದೆ. ಅದನ್ನು ನೋಡಲೇಬೇಕು ಅನ್ನುವವರು ಹಗಲು ಮಲಗಿ, ರಾತ್ರಿ ಕಾರ್ಯಕ್ರಮಕ್ಕೆ ಎದ್ದರಾಯಿತು.

ಬಾದಾಮಿಯ ಲೆಕ್ಕ ಮಾತ್ರ ಬೇರೆ. ಅಲ್ಲಿ ನಾನು ಡಿಸೆಂಬರ್, ಜನವರಿಯ ಪಕ್ಷ. ಗುಹೆಗಳು ಉತ್ತರಕ್ಕೆ, ಅಗಸ್ತ್ಯ ತೀರ್ಥದ ಕಡೆಗೆ ಮುಖ ಮಾಡಿವೆ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬಂಡೆಯೇ ನೆರಳು ಕೊಡುತ್ತದೆ. ಮೂರನೇ ಗುಹೆಯ ವಿಷ್ಣುವಿನ ಮುಂದೆ ಮಧ್ಯಾಹ್ನವೂ ಆರಾಮಾಗಿ ನಿಲ್ಲಬಹುದು. ಆ ಹೊತ್ತಿಗೆ ಉತ್ತರ ಕರ್ನಾಟಕದಲ್ಲಿ ಸೀತನಿ ಕಾಲವೂ ಹೌದು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಬಿಸಿ ಕಾಳು ಉದುರಿಸಿ ಶೇಂಗಾ ಚಟ್ನಿ ಜೊತೆ ಕೊಡುತ್ತಾರೆ. ಜುಲೈನಲ್ಲಿ ಇದು ಸಿಗುವುದಿಲ್ಲ.

ಅಪ್ಪ ಅಮ್ಮನನ್ನೋ ಸಣ್ಣ ಮಕ್ಕಳನ್ನೋ ಕರೆದುಕೊಂಡು ಹೋಗುವವರಿಗೆ ಹಂಪಿಗೂ ಡಿಸೆಂಬರೇ ಸರಿ, ಜಾರುವ ಭಯ ಇಲ್ಲ. ಆದರೆ ಮೊದಲ ಎರಡು ವಾರ, ಅದೂ ಸೋಮವಾರದಿಂದ ಗುರುವಾರದೊಳಗೆ ಮುಗಿಸಿಕೊಳ್ಳಿ. ಶುಕ್ರವಾರ ಮ್ಯೂಸಿಯಂ ರಜೆ. ಆಷಾಢಕ್ಕೆ ಹೊರಟರೆ ಹಿಡಿತ ಇರುವ ಚಪ್ಪಲಿ ಹಾಕಿಕೊಳ್ಳಿ, ರೇನ್‌ಕೋಟ್ ಇರಲಿ. ಕೊಡೆ ಸುಮ್ನೆ ಭಾರ, ಆ ಗಾಳಿಗೆ ತಿರುವಿಕೊಳ್ಳುತ್ತದೆ.