ಒಂದೇ ಗೋಡೆಯ ಎರಡು ಕೋಣೆಗಳು: ಡಿಹ್ಯುಮಿಡಿಫೈಯರ್ ಮತ್ತು ಏರ್ ಪ್ಯೂರಿಫೈಯರ್ ಬಳಸಿ ನೋಡಿದ ಹೋಲಿಕೆ

ಮೈಸೂರಿನ ಸರಸ್ವತೀಪುರಂನಲ್ಲಿ, ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗುವಷ್ಟು ಹತ್ತಿರದ ಅಪಾರ್ಟ್‌ಮೆಂಟೊಂದರ ನೆಲಮಹಡಿಯಲ್ಲಿ ನಮ್ಮ ಮನೆಯಿದೆ. ಎರಡು ಮಲಗುವ ಕೋಣೆಗಳಿಗೂ ಉತ್ತರ ದಿಕ್ಕಿನ ಒಂದೇ ಹೊರಗೋಡೆ. ಆ ಗೋಡೆಗೂ ಕಾಂಪೌಂಡಿಗೂ ನಡುವೆ ಇರುವುದು ನಾಲ್ಕು ಅಡಿಯ ಸಂದು. ವರ್ಷದ ಹೆಚ್ಚಿನ ದಿನ ಅಲ್ಲಿಗೆ ಬಿಸಿಲು ಬೀಳುವುದಿಲ್ಲ. ಆಷಾಢದ ಸೋನೆಮಳೆ ಹಿಡಿಯಿತೆಂದರೆ ಗೋಡೆಯ ಕೆಳಭಾಗದ ಬಣ್ಣ ಪೊರೆಯೆದ್ದು ಉದುರತೊಡಗುತ್ತದೆ, ವಾರ್ಡ್‌ರೋಬಿನ ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತದೆ. ಕಳೆದ ವರ್ಷ ನೆಂಟರ ಮನೆಯ ಮದುವೆಗೆಂದು ಅತ್ತೆಯವರು ತಮ್ಮ ಮೈಸೂರು ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಾಗ, ಮಡಿಕೆ ಬಿದ್ದ ಗೆರೆಯುದ್ದಕ್ಕೂ ಜರಿ ಕಪ್ಪಾಗಿತ್ತು. ಒಳಪದರದಲ್ಲಿ ಸಾಸಿವೆಗಿಂತ ಚಿಕ್ಕದಾದ ಬೂದು ಚುಕ್ಕೆಗಳು ಸಾಲುಗಟ್ಟಿದ್ದವು. ಅದೇ ವಾರ ಮಗಳಿಗೆ ಬೆಳಗಿನ ಸೀನು ಹೆಚ್ಚಿ, ರಾತ್ರಿ ಎದೆಯಲ್ಲಿ ಸಣ್ಣಗೆ ಉಬ್ಬಸದ ಸದ್ದು ಕೇಳಿಸಿತು. ಇನ್ನು ಮುಂದೂಡಬಾರದೆಂದು ನಿರ್ಧರಿಸಿದ್ದು ಆಗಲೇ.

ಏನು ಕೊಳ್ಳಬೇಕೆಂದು ವಿಚಾರಿಸಿದರೆ ಅರ್ಧದಷ್ಟು ಜನ ಗಾಳಿಯ ಧೂಳು ಸೋಸುವ ಏರ್ ಪ್ಯೂರಿಫೈಯರ್ ಎಂದರು, ಉಳಿದವರು ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಎಂದರು. ಅಂಗಡಿಯವರೊಬ್ಬರು ಪ್ಯೂರಿಫೈಯರ್ ಇಟ್ಟರೆ ಥಂಡಿಯ ವಾಸನೆ ಬುಡಸಮೇತ ಹೋಗುತ್ತದೆ ಎಂದು ಭರವಸೆ ಕೊಟ್ಟರು, ಆ ಮಾತನ್ನು ನಂಬಿ ಅದನ್ನೇ ಮೊದಲು ತಂದೆವು. ಒಂದು ವಾರ ಕಳೆದರೂ ವಾರ್ಡ್‌ರೋಬಿನ ವಾಸನೆ ಇದ್ದಂತೆಯೇ ಇದ್ದಾಗ, ಡಿಹ್ಯುಮಿಡಿಫೈಯರನ್ನೂ ತಂದು ಎರಡನ್ನೂ ಒಂದೇ ಮಳೆಗಾಲದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿಟ್ಟು ನೋಡುವುದೇ ಸರಿಯೆನಿಸಿತು. ಮೂರು ವಾರ ಒಂದು ಯಂತ್ರ ಒಂದು ಕೋಣೆಯಲ್ಲಿ, ಮತ್ತೆ ಮೂರು ವಾರ ಅದಲುಬದಲು. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಕಿಟಕಿ ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಓಡಿಸಿ, ಎದ್ದ ಕೂಡಲೇ ಅಂಕಿಗಳನ್ನು ಕ್ಯಾಲೆಂಡರಿನ ಮೇಲೆ ಬರೆದಿಡುತ್ತಿದ್ದೆ.

ಅಳತೆಯ ವಿಷಯದಲ್ಲಿ ಒಂದು ಮಾತು. ಕೋಣೆಗೊಂದರಂತೆ ಎರಡು ತೇವಾಂಶ ಮಾಪಕಗಳನ್ನು ತರಿಸಿದ್ದೆ. ಪಕ್ಕಪಕ್ಕದಲ್ಲೇ ಇಟ್ಟರೂ ಎರಡೂ ಬೇರೆ ಬೇರೆ ಅಂಕಿ ತೋರಿಸುತ್ತಿದ್ದವು. ಇದನ್ನು ತಿದ್ದಿಕೊಳ್ಳಲು ಅಡುಗೆಮನೆಯ ಉಪ್ಪು ಸಾಕು. ಗಟ್ಟಿ ಮುಚ್ಚಳದ ಡಬ್ಬಿಯೊಳಗೆ ಸಣ್ಣ ಬಟ್ಟಲಿನಲ್ಲಿ ಎರಡು ಚಮಚ ಉಪ್ಪು ಹಾಕಿ, ಕರಗಿಹೋಗದಂತೆ ಒದ್ದೆ ಮರಳಿನ ಹದಕ್ಕೆ ಮಾತ್ರ ನೀರು ಚಿಮುಕಿಸಿ, ಮಾಪಕವನ್ನು ಉಪ್ಪಿಗೆ ತಾಗದಂತೆ ಪಕ್ಕದಲ್ಲಿಟ್ಟು ಒಂದು ರಾತ್ರಿ ಮುಚ್ಚಿಡಬೇಕು. ಆ ಡಬ್ಬಿಯೊಳಗಿನ ಗಾಳಿಯ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಇದು ಉಪ್ಪಿನ ಗುಣ. ನಮ್ಮ ಒಂದು ಮಾಪಕ 79 ಎಂದಿತು, ಇನ್ನೊಂದು 73. ಮುಂದಿನ ಅಂಕಿಗಳೆಲ್ಲ ಈ ವ್ಯತ್ಯಾಸವನ್ನು ಸರಿಪಡಿಸಿಕೊಂಡು ಬರೆದವು. ಯಾವ ಯಂತ್ರ ಕೊಳ್ಳಬೇಕೆಂದು ಯೋಚಿಸುವ ಮೊದಲು ಈ ಚಿಕ್ಕ ಮಾಪಕವೊಂದನ್ನು ಕೊಂಡು ಒಂದು ವಾರ ನೋಡಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮೊದಲು ಪ್ಯೂರಿಫೈಯರ್. ಅದರ ಕೆಲಸ ಸರಳ: ಫ್ಯಾನು ಕೋಣೆಯ ಗಾಳಿಯನ್ನು ಎಳೆದು ಹೆಪಾ ಫಿಲ್ಟರಿನ ಮೂಲಕ ಹಾಯಿಸುತ್ತದೆ, ಧೂಳು, ಹೊಗೆಯ ಕಣ, ಬೂಷ್ಟಿನ ಬೀಜಕಣ ಎಲ್ಲವೂ ಅಲ್ಲಿ ಸಿಕ್ಕಿಕೊಳ್ಳುತ್ತವೆ. ಬೂಷ್ಟಿನ ಬೀಜಕಣಗಳು ಸಾಮಾನ್ಯವಾಗಿ 2ರಿಂದ 10 ಮೈಕ್ರಾನ್ ಗಾತ್ರದವು. ಅದಕ್ಕಿಂತ ಎಷ್ಟೋ ಚಿಕ್ಕ ಕಣಗಳನ್ನೂ ಹಿಡಿಯುವ ಫಿಲ್ಟರಿಗೆ ಅವು ಕಷ್ಟವೇನಲ್ಲ. ಈ ಕೆಲಸದಲ್ಲಿ ಯಂತ್ರ ನನಗೆ ಪೂರ್ತಿ ತೃಪ್ತಿ ಕೊಟ್ಟಿತು. ಬೆಳಿಗ್ಗೆ ಪಕ್ಕದ ದೇವರಮನೆಯಲ್ಲಿ ಅತ್ತೆಯವರು ಎರಡು ಊದುಬತ್ತಿ ಹಚ್ಚಿದರೆ, ಯಂತ್ರದ ಮೇಲಿನ ಪಿಎಂ 2.5 (ಗಾಳಿಯ ಸೂಕ್ಷ್ಮ ಕಣಗಳ) ಅಂಕಿ 20ರ ಆಸುಪಾಸಿನಿಂದ ಐದೇ ನಿಮಿಷದಲ್ಲಿ 200 ದಾಟುತ್ತಿತ್ತು. ಬಾಗಿಲು ಮುಚ್ಚಿ ವೇಗ ಹೆಚ್ಚಿಸಿದರೆ ಅರ್ಧ ಗಂಟೆಯೊಳಗೆ ಮತ್ತೆ ಮೊದಲಿನ ಮಟ್ಟಕ್ಕೆ ಇಳಿಯುತ್ತಿತ್ತು. ಊದುಬತ್ತಿಗೆ ಹೆಸರಾದ ಊರಿನಲ್ಲಿದ್ದುಕೊಂಡು ಅದರ ಹೊಗೆ ಇಷ್ಟೆಂದು ನಾನು ಅಳೆದು ನೋಡಿದ್ದು ಅದೇ ಮೊದಲು. ಈಗ ನಮ್ಮಲ್ಲಿ ಒಂದೇ ಬತ್ತಿ, ಅದೂ ಕಿಟಕಿ ತೆರೆದು.

ಆದರೆ ತೇವಾಂಶದ ಅಂಕಿ? ಪ್ಯೂರಿಫೈಯರ್ ಇದ್ದ ಕೋಣೆಯಲ್ಲಿ ರಾತ್ರಿ ಶೇ 78 ಇದ್ದದ್ದು ಬೆಳಿಗ್ಗೆಗೆ 80. ನಾವು ಮಲಗಿ ಉಸಿರಾಡಿದ್ದರಿಂದ ಏರಿತೇ ಹೊರತು ಒಂದು ದಿನವೂ ಇಳಿಯಲಿಲ್ಲ. ನೀರಿನ ಆವಿ ಕಣವಲ್ಲ, ಅದು ಗಾಳಿಯಂತೆಯೇ ಫಿಲ್ಟರನ್ನು ದಾಟಿ ಹೋಗುತ್ತದೆ. ವಾಸನೆಗೆಂದು ಇರುವ ಇದ್ದಿಲಿನ ತೆಳುಪದರ ಮೊದಲ ಎರಡು ಮೂರು ದಿನ ಮುಗ್ಗಲನ್ನು ತಗ್ಗಿಸಿತು. ಯಂತ್ರ ನಿಲ್ಲಿಸಿದ ಒಂದು ಗಂಟೆಯೊಳಗೆ ವಾಸನೆ ಮರಳಿ ಬಂತು, ಏಕೆಂದರೆ ಅದನ್ನು ಹುಟ್ಟಿಸುತ್ತಿದ್ದ ಬೂಷ್ಟು ಗೋಡೆಯ ಮೇಲೆ ಇನ್ನೂ ಬೆಳೆಯುತ್ತಲೇ ಇತ್ತು. ಮೂರನೆಯ ವಾರ ಹಿಂಬದಿಯ ಮುಚ್ಚಳ ತೆಗೆದು ಫಿಲ್ಟರನ್ನು ಮೂಗಿನ ಬಳಿ ಹಿಡಿದಾಗ ಅದೇ ಮುಗ್ಗಲು ಅಲ್ಲಿಯೂ ಇತ್ತು. ಧೂಳು, ಬೀಜಕಣ, ತೇವ ಮೂರೂ ಒಂದೆಡೆ ಸೇರಿದರೆ ಫಿಲ್ಟರಿನ ಮೇಲೂ ಬೂಷ್ಟು ಬೆಳೆಯಬಹುದು. ಹಾಗಾಗಿ ಶೇ 80ರ ತೇವದಲ್ಲಿ ತಿಂಗಳುಗಟ್ಟಲೆ ಪ್ಯೂರಿಫೈಯರನ್ನು ಒಂಟಿಯಾಗಿ ಓಡಿಸುವುದು ನನಗೆ ಒಪ್ಪಿತವಲ್ಲ. ಇನ್ನೊಂದು ವಿಷಯ: ಗಾಳಿ ತೀರಾ ತೇವವಾಗಿದ್ದಾಗ ನೀರಿನ ಸೂಕ್ಷ್ಮ ಹನಿಗಳನ್ನೂ ಬೆಳಕಿನಿಂದ ಅಳೆಯುವ ಸಂವೇದಕ ಧೂಳೆಂದೇ ಎಣಿಸುತ್ತದೆ. ಮಂಜು ಮುಸುಕಿದ ಬೆಳಿಗ್ಗೆ ಕಿಟಕಿ ತೆರೆದಾಗ ಕೆಂಪು ದೀಪ ಹತ್ತಿದರೆ ಗಾಬರಿಯಾಗಬೇಕಿಲ್ಲ.

ಡಿಹ್ಯುಮಿಡಿಫೈಯರಿನ ಕಡೆಗೆ ಬಂದರೆ, ಅದು ಒಳಗಡೆ ಒಂದು ಸಣ್ಣ ಫ್ರಿಜ್ಜಿನಂತೆಯೇ. ಗಾಳಿ ತಣ್ಣನೆಯ ಕೊಳವೆಗಳ ಮೇಲೆ ಹಾದಾಗ ಆವಿ ಹನಿಗಟ್ಟಿ ಕೆಳಗಿನ ತೊಟ್ಟಿಗೆ ಬೀಳುತ್ತದೆ, ಒಣಗಿದ ಗಾಳಿ ಬಿಸಿ ಕೊಳವೆಗಳನ್ನು ದಾಟಿ ಹೊರಬರುತ್ತದೆ. ಮೊದಲ ಬೆಳಿಗ್ಗೆ ತೊಟ್ಟಿಯನ್ನು ಎಳೆದಾಗ ಕೈಗೆ ಸಿಕ್ಕ ಭಾರ ಇನ್ನೂ ನೆನಪಿದೆ. ಅಡುಗೆಮನೆಯ ಲೀಟರಿನ ಪಾತ್ರೆಯಲ್ಲಿ ಅಳೆದೆ, ಸುಮಾರು 3 ಲೀಟರ್. ತೇವಾಂಶ 78ರಿಂದ 58ಕ್ಕೆ ಇಳಿದಿತ್ತು.

ಈ ಮೂರು ಲೀಟರಿನ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಕೋಣೆ ಸುಮಾರು 37 ಘನ ಮೀಟರಿನದು. 25 ಡಿಗ್ರಿ ಶಾಖದಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ಆವಿಯನ್ನು ಹಿಡಿದಿಡಬಲ್ಲದು. ಅಂದರೆ ಇಡೀ ಕೋಣೆಯ ಗಾಳಿಯನ್ನು ಶೇ 78ರಿಂದ 58ಕ್ಕೆ ಇಳಿಸಲು ತೆಗೆಯಬೇಕಾದ ನೀರು 170 ಗ್ರಾಂ, ಒಂದು ಲೋಟಕ್ಕೂ ಕಡಿಮೆ. ಹಾಗಿದ್ದರೆ ಮಿಕ್ಕಿದ್ದು ಎಲ್ಲಿಂದ ಬಂತು? ಗೋಡೆಯ ಗಾರೆಯಿಂದ, ಹತ್ತಿಯ ಹಾಸಿಗೆಯಿಂದ, ಪುಸ್ತಕಗಳಿಂದ, ಮಡಿಚಿಟ್ಟ ಬಟ್ಟೆಗಳಿಂದ, ನಮ್ಮ ಉಸಿರಿನಿಂದ, ಬಾಗಿಲ ಸಂದಿಯಲ್ಲಿ ನುಸುಳುವ ಹೊರಗಾಳಿಯಿಂದ. ಆದ್ದರಿಂದಲೇ ಮೊದಲ ದಿನ ಅಂಕಿ ಇಳಿದರೂ ಯಂತ್ರ ನಿಲ್ಲಿಸಿದ ಎರಡು ಗಂಟೆಗೆ ಮತ್ತೆ 70 ಮುಟ್ಟುತ್ತಿತ್ತು. ಎರಡನೆಯ ವಾರ ತೊಟ್ಟಿಯಲ್ಲಿ 2 ಲೀಟರ್, ಮೂರನೆಯ ವಾರ ಒಂದೂಕಾಲು. ಅಷ್ಟರಲ್ಲಿ ಯಂತ್ರ ನಿಂತ ಮೇಲೂ ಅಂಕಿ ಸಂಜೆಯವರೆಗೆ 65ರ ಒಳಗೇ ಉಳಿಯುತ್ತಿತ್ತು. ಎರಡು ದಿನ ನೋಡಿ ಪ್ರಯೋಜನವಿಲ್ಲವೆಂದು ಯಂತ್ರವನ್ನು ಮೂಲೆಗೆ ಸರಿಸುವವರು ಈ ಮೂರು ವಾರ ಕಾಯಬೇಕೆಂಬುದು ನನ್ನ ಕಳಕಳಿಯ ಮಾತು.

ಡಬ್ಬದ ಮೇಲೆ ಬರೆದಿರುವ ದಿನಕ್ಕೆ 20 ಲೀಟರ್ ಎಂಬ ಅಂಕಿಯನ್ನು ಮನೆಗೆ ನೇರವಾಗಿ ಅನ್ವಯಿಸಬಾರದು. ಅದು ಸಾಮಾನ್ಯವಾಗಿ 30 ಡಿಗ್ರಿ ಶಾಖ, ಶೇ 80 ತೇವಾಂಶ ಇರುವ ಕೋಣೆಯಲ್ಲಿ ಇಡೀ ದಿನ ಓಡಿಸಿ ಪಡೆದ ಅಳತೆ. ಸುಮಾರು 770 ಮೀಟರ್ ಎತ್ತರದ ಮೈಸೂರಿನ ಮಳೆಗಾಲದ ರಾತ್ರಿಗಳು ಅದಕ್ಕಿಂತ ತಂಪು, ಹಾಗಾಗಿ ಸಿಗುವ ನೀರೂ ಕಡಿಮೆ. ಇದೇ ಕಾರಣಕ್ಕೆ ದಿನಕ್ಕೆ 10 ಲೀಟರಿನ ಚಿಕ್ಕ ಯಂತ್ರ ನಮ್ಮಂಥ ಕೋಣೆಗೆ ಸಾಲದು.

ಕೊರತೆಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. ಕಂಪ್ರೆಸರಿನ ಸದ್ದು ಹಳೆಯ ಫ್ರಿಜ್ಜನ್ನು ತಲೆದಿಂಬಿನ ಪಕ್ಕದಲ್ಲಿಟ್ಟಂತೆ. ಪ್ಯೂರಿಫೈಯರನ್ನು ಕಡಿಮೆ ವೇಗದಲ್ಲಿಟ್ಟರೆ ಇದೆಯೆಂಬುದೇ ತಿಳಿಯದು. ಕೋಣೆಯ ಶಾಖ ಎರಡು ಡಿಗ್ರಿಯಷ್ಟು ಏರುತ್ತದೆ. ಶ್ರಾವಣದ ಚಳಿಗೆ ಅದು ಹಿತವೇ, ಬೇಸಿಗೆಯಲ್ಲಾದರೆ ಸಹಿಸಲಾಗದು. ಇನ್ನು ವಿದ್ಯುತ್ತಿನ ಲೆಕ್ಕ. ಪ್ಲಗ್ಗಿಗೆ ಹಾಕುವ ಮೀಟರಿನಲ್ಲಿ ನೋಡಿದಾಗ ಡಿಹ್ಯುಮಿಡಿಫೈಯರ್ ರಾತ್ರಿಯೊಂದಕ್ಕೆ 1.9 ಯೂನಿಟ್, ಅಂದರೆ ತಿಂಗಳಿಗೆ 57 ಯೂನಿಟ್ ತಿನ್ನುತ್ತಿತ್ತು. ಪ್ಯೂರಿಫೈಯರ್ ತಿಂಗಳಿಗೆ ಹತ್ತನ್ನೂ ದಾಟಲಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಈ ಲೆಕ್ಕ ಇನ್ನಷ್ಟು ಮುಖ್ಯವಾಗಿದೆ: ತಿಂಗಳಿಗೆ 150 ಯೂನಿಟ್ ಬಳಸುವ ಮನೆಗೆ 57 ಸೇರಿದರೆ 200ರ ಗಡಿ ದಾಟಿ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಗೋಡೆ ಒಂದು ಹದಕ್ಕೆ ಒಣಗಿದ ಮೇಲೆ ನಾವು ದಿನ ಬಿಟ್ಟು ದಿನ, ಆರು ಗಂಟೆ ಮಾತ್ರ ಓಡಿಸುತ್ತಿದ್ದೇವೆ.

ಇಷ್ಟೆಲ್ಲ ಕೊರತೆಯಿದ್ದರೂ ಅದನ್ನು ಮೆಚ್ಚುವಂತೆ ಮಾಡಿದ ಸಂಗತಿಯೊಂದು ಮನೆಯ ನಿತ್ಯದ ಕೆಲಸಕ್ಕೆ ಸೇರಿದ್ದು. ಮಳೆಗಾಲದಲ್ಲಿ ಮಗಳ ಯೂನಿಫಾರ್ಮು ಒಣಗಲು ಎರಡು ದಿನ ಬೇಕಿತ್ತು. ಫ್ಯಾನಿನಡಿ ಹರವಿದರೆ ಅದರ ನೀರೆಲ್ಲ ಮತ್ತೆ ಕೋಣೆಯ ಗೋಡೆಗೇ. ಈಗ ಸ್ಟ್ಯಾಂಡನ್ನು ಯಂತ್ರದ ಮುಂದಿಟ್ಟರೆ ರಾತ್ರಿ ಹಾಕಿದ್ದು ಬೆಳಿಗ್ಗೆ ಇಸ್ತ್ರಿಗೆ ಸಿದ್ಧ. ತೊಟ್ಟಿಯ ನೀರನ್ನು ನೋಡಿ ಎದುರುಮನೆಯವರು "ಇನ್ವರ್ಟರ್ ಬ್ಯಾಟರಿಗೆ ಹಾಕಬಹುದಲ್ವಾ ಮೇಡಂ?" ಎಂದು ಕೇಳಿದರು. ಬೇಡ, ಅದರಲ್ಲಿ ಗಾಳಿಯ ಧೂಳೂ ಕೊಳವೆಯ ಲೋಹದ ಅಂಶವೂ ಇರುತ್ತದೆ. ನೆಲ ಒರೆಸಲು ಧಾರಾಳವಾಗಿ ಬಳಸಬಹುದು.

ಮಗಳ ಆರೋಗ್ಯದ ವಿಷಯದಲ್ಲಿ ಎರಡರ ಫಲವೂ ಬೇರೆ ಬೇರೆ ರೀತಿಯದು. ಪ್ಯೂರಿಫೈಯರ್ ಇಟ್ಟ ಮೊದಲ ವಾರದಲ್ಲೇ ಬೆಳಗಿನ ಸೀನು ಕಡಿಮೆಯಾಯಿತು, ಆದರೆ ಹಾಸಿಗೆ ಕೊಡವಿದ ದಿನ ಮತ್ತೆ ಹೆಚ್ಚುತ್ತಿತ್ತು. ಹಾಸಿಗೆಯಲ್ಲಿ ಬದುಕುವ ಧೂಳುಹುಳುಗಳ ಹಿಕ್ಕೆಯಂಥ ಕಣಗಳು ಭಾರವಾದವು. ಗಾಳಿಯಲ್ಲಿ ತೇಲದೆ ಬೇಗ ಕೆಳಗಿಳಿಯುವುದರಿಂದ ಫಿಲ್ಟರಿನವರೆಗೆ ತಲುಪುವುದೇ ಇಲ್ಲ. ಆ ಹುಳುಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತವೆ. ತೇವಾಂಶ ಬಹುಕಾಲ ಶೇ 50ರ ಕೆಳಗೆ ನಿಂತರೆ ಅವು ಉಳಿಯಲಾರವು. ಡಿಹ್ಯುಮಿಡಿಫೈಯರ್ ಇಟ್ಟಾಗ ಮೊದಲ ವಾರ ಏನೂ ವ್ಯತ್ಯಾಸ ಕಾಣಲಿಲ್ಲ, ಮೂರನೆಯ ವಾರದಿಂದ ರಾತ್ರಿಯ ಉಬ್ಬಸದ ಸದ್ದು ನಿಂತಿತು. ಎರಡೂ ಒಟ್ಟಿಗೆ ಓಡಿದ ದಿನಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ವೈದ್ಯರು ಬರೆದುಕೊಟ್ಟ ಇನ್‌ಹೇಲರನ್ನು ನಾವಾಗಿ ನಿಲ್ಲಿಸಲಿಲ್ಲ, ಯಾರೂ ಹಾಗೆ ಮಾಡಬಾರದು.

ಬೇರೆ ದಾರಿಗಳನ್ನೂ ಹಿಡಿದು ನೋಡಿದ್ದೆ. ಆನ್‌ಲೈನಿನಲ್ಲಿ ಎರಡು ಮೂರು ಸಾವಿರಕ್ಕೆ ಸಿಗುವ, ಕಂಪ್ರೆಸರ್ ಇಲ್ಲದ ಪುಟ್ಟ ಯಂತ್ರ ಇಡೀ ರಾತ್ರಿಗೆ ಅರ್ಧ ಲೋಟ ನೀರು ಕೊಟ್ಟಿತು. ಮುಚ್ಚಿದ ಬೀರುವಿಗೆ ಸರಿ, ಕೋಣೆಗೆ ಅಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಡಬ್ಬಿಗಳು ತೇವವನ್ನು ಚೆನ್ನಾಗಿಯೇ ಹೀರುತ್ತವೆ, ಆದರೆ ಹೀರಿದ್ದು ಉಪ್ಪುನೀರಾಗಿ ಕೆಳಗೆ ನಿಲ್ಲುತ್ತದೆ. ಒಂದು ಡಬ್ಬಿ ಉರುಳಿ ಯಜಮಾನರ ಚರ್ಮದ ಚೀಲ ಸುಕ್ಕುಗಟ್ಟಿ ಹಾಳಾಯಿತು. ರೇಷ್ಮೆಯಿರುವ ಜಾಗದಲ್ಲಿ ಅದನ್ನಿಡಲು ನನಗೆ ಧೈರ್ಯವಿಲ್ಲ. ಎಸಿ ಇರುವವರು ಅದರ ಡ್ರೈ ಮೋಡ್ ಬಳಸಬಹುದು, ಮಳೆಯ ರಾತ್ರಿಯಲ್ಲಿ ಕೋಣೆ ತೀರಾ ತಣ್ಣಗಾಗುತ್ತದೆ ಅಷ್ಟೆ.

ಯಾವ ಯಂತ್ರಕ್ಕೂ ಮೀರಿದ ಕೆಲಸವೊಂದಿತ್ತು. ಮೇಲಿನ ಮನೆಯ ಬಚ್ಚಲಿನ ಪೈಪು ಸೋರಿ ನಮ್ಮ ಗೋಡೆಯ ಒಂದು ಮೂಲೆಗೆ ನೀರಿಳಿಯುತ್ತಿತ್ತು. ಪ್ಲಂಬರನ್ನು ಕರೆಸಿ ಅದನ್ನು ಸರಿಪಡಿಸಿದ ವಾರದಲ್ಲೇ ತೊಟ್ಟಿಯ ನೀರು ಅರ್ಧಕ್ಕಿಳಿಯಿತು. ಗೋಡೆಯ ಮೇಲೆ ಆಗಲೇ ಕೂತಿದ್ದ ಬೂಷ್ಟನ್ನೂ ಯಾವ ಯಂತ್ರ ತೆಗೆಯಲಿಲ್ಲ. ಮಾಸ್ಕ್ ಹಾಕಿಕೊಂಡು ಸೋಪುನೀರಿನ ಬಟ್ಟೆಯಿಂದ ನಾವೇ ಒರೆಸಿ ಒಣಗಿಸಬೇಕಾಯಿತು.

ಹಾಗಾಗಿ ಒಂದೇ ಯಂತ್ರಕ್ಕೆ ಹಣವಿದ್ದರೆ ನನ್ನ ಆಯ್ಕೆ ಮಾಪಕವನ್ನು ಅವಲಂಬಿಸಿದೆ. ಮಳೆಗಾಲದಲ್ಲಿ ಅದು ದಿನವಿಡೀ 65ರ ಮೇಲೆ ನಿಲ್ಲುತ್ತಿದ್ದರೆ, ಬಟ್ಟೆ ಪುಸ್ತಕಗಳಿಗೆ ವಾಸನೆ ಹಿಡಿದಿದ್ದರೆ ಡಿಹ್ಯುಮಿಡಿಫೈಯರನ್ನೇ ತರಬೇಕು. ಮೇಲಿನ ಮಹಡಿಯಲ್ಲಿದ್ದು, ಅಂಕಿ 60ರೊಳಗಿದ್ದೂ ಸೀನು ಬಿಡದಿದ್ದರೆ, ಅಥವಾ ಮುಖ್ಯರಸ್ತೆಯ ಧೂಳು ಮನೆಯೊಳಗೆ ಬರುತ್ತಿದ್ದರೆ ಪ್ಯೂರಿಫೈಯರ್ ಸಾಕು. ಮಂಗಳೂರಿನಲ್ಲಿರುವ ತಂಗಿಯ ಮನೆಯಲ್ಲಿ ವರ್ಷದ ಬಹುಪಾಲು ಬೇಕಾಗುವ ಡಿಹ್ಯುಮಿಡಿಫೈಯರ್ ನಮಗೆ ಬೇಕಿರುವುದು ಆಷಾಢದಿಂದ ದೀಪಾವಳಿಯವರೆಗೆ ಮಾತ್ರ. ಮಾರ್ಚ್ ಏಪ್ರಿಲ್‌ನ ಮಧ್ಯಾಹ್ನ ಇಲ್ಲಿನ ಗಾಳಿ ತಾನಾಗಿಯೇ ಒಣಗಿರುತ್ತದೆ.

ಯಂತ್ರವನ್ನು ನಾವು 55ಕ್ಕೆ ನಿಲ್ಲಿಸಿದ್ದೇವೆ, ಅದಕ್ಕಿಂತ ಕೆಳಕ್ಕಿಲ್ಲ. ಅತ್ತೆಯವರ ಹಲಸಿನ ಮರದ ವೀಣೆ ಅದೇ ಕೋಣೆಯಲ್ಲಿದೆ. ಗಾಳಿ ಅತಿಯಾಗಿ ಒಣಗಿದರೆ ಮರ ಬಿರಿಯಬಹುದು, ಯಂತ್ರದ ಬಿಸಿಗಾಳಿ ನೇರವಾಗಿ ತಾಗಿದರೆ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಮೆತ್ತಗಾಗಬಹುದು. ವೀಣೆಯನ್ನು ಎದುರುಗೋಡೆಗೆ ಸರಿಸಿ, ನಡುವೆ ಬೀರುವನ್ನಿಟ್ಟಿದ್ದೇವೆ. ಬೀರುವಿನೊಳಗೆ ಸೀರೆಗಳ ನಡುವೆ ಇಟ್ಟ ಎರಡನೆಯ ಮಾಪಕ ಇಂದು ಬೆಳಿಗ್ಗೆ 57 ತೋರಿಸುತ್ತಿತ್ತು.