ಮುಳ್ಳಿನ ಎಂಆರ್, ಡಿಜಿಟಲ್ ಮೈಕ್ರೋಸೀವರ್ಟ್, ಟಿಕ್ ಟಿಕ್ ಸಿಪಿಎಸ್

ಪೀಣ್ಯದಲ್ಲಿ ವೆಲ್ಡಿಂಗ್ ಜಾಯಿಂಟ್‌ಗಳ ರೇಡಿಯೋಗ್ರಫಿ ಮಾಡುವ ಶೆಡ್ಡು ನಮ್ಮದು. ಎಕ್ಸ್-ರೇ ತರಹ ಒಳಗಿನ ಚಿತ್ರ ತೆಗೆಯಲು ವಿಕಿರಣ ಸೂಸುವ ಇರಿಡಿಯಂ-192 ಸೋರ್ಸು. ಆ ವಿಕಿರಣ ಅಳೆಯುವ ಹೊಸ ಸರ್ವೇ ಮೀಟರ್ ತರಿಸಬೇಕಿತ್ತು, ಯಾವ ಯೂನಿಟ್‌ನಲ್ಲಿ ತೋರಿಸುವುದು ಬೇಕು ಅಂತ ಕೇಳಿದರು. ಮೂರು ಮೀಟರ್‌ಗಳನ್ನು ಒಂದು ತಿಂಗಳು ಜೊತೆಗಿಟ್ಟುಕೊಂಡು ನೋಡಿದೆ.

ಹಳೇ ಮುಳ್ಳಿನ ಮೀಟರ್ ಗಂಟೆಗೆ ಇಷ್ಟು ಎಂಆರ್, ಅಂದರೆ ಮಿಲಿರಾಂಟ್ಜನ್, ಅಂತ ತೋರಿಸುತ್ತದೆ. ಮುಳ್ಳು ಹಾರಿದ್ದು ಓರೆಗಣ್ಣಿಗೂ ಕಾಣುತ್ತದೆ, ಅದೇ ಅದರ ಸುಖ. ಕಾಟ ಕೊಡುವುದು ಪಕ್ಕದ ಗುಂಡಿ: ಇಂಟು 1, ಇಂಟು 10, ಇಂಟು 100. ಒಂದು ದಿನ ಗುಂಡಿ ಇಂಟು 10ರಲ್ಲಿತ್ತು, ಮುಳ್ಳು 1.5ರ ಮೇಲೆ. ನಮ್ಮ ಹುಡುಗ ಲಾಗ್ ಬುಕ್ಕಿನಲ್ಲಿ ಬರೀ 1.5 ಅಂತ ಬರೆದ. ನಾನು ಡಿಜಿಟಲ್ ಮೀಟರ್ ತೋರಿಸುವ ಮೈಕ್ರೋಸೀವರ್ಟ್ ಇರಬೇಕು ಅಂದುಕೊಂಡು ಸಹಿ ಹಾಕಿದೆ. ನಿಜಕ್ಕೂ ಅದು 15 ಎಂಆರ್, ಹೆಚ್ಚುಕಡಿಮೆ 150 ಮೈಕ್ರೋಸೀವರ್ಟ್. ನೂರು ಪಟ್ಟು ತಪ್ಪು, ಇಬ್ಬರೂ ಸೇರಿ ಮಾಡಿದ್ದು.

1 ಎಂಆರ್ ಅಂದರೆ 10 ಮೈಕ್ರೋಸೀವರ್ಟ್ ಅನ್ನುವುದು ಬಾಯಿಲೆಕ್ಕ. ರಾಂಟ್ಜನ್ ಗಾಳಿಯಲ್ಲಿ ಆಗುವ ಅಯಾನುಗಳ ಲೆಕ್ಕ, ಸೀವರ್ಟ್ ಮೈಗೆ ತಟ್ಟುವ ಲೆಕ್ಕ. ಎರಡೂ ಒಂದೇ ಅಲ್ಲ, ಆದರೆ ಶೆಡ್ಡಿನ ಕೆಲಸಕ್ಕೆ 10 ಸಾಕು.

ಡಿಜಿಟಲ್ ಮೀಟರ್‌ನದು ನೇರವಾಗಿ ಮೈಕ್ರೋಸೀವರ್ಟ್. ಮೈಗೆ ತಟ್ಟಿದ್ದರ ಲೆಕ್ಕ ಇಡುವ, ನಮ್ಮ ಎದೆಯ ಮೇಲಿನ ಟಿಎಲ್‌ಡಿ ಬ್ಯಾಡ್ಜಿನ ವರದಿಯೂ ಮಿಲಿಸೀವರ್ಟ್‌ನಲ್ಲೇ (1000 ಮೈಕ್ರೋ ಸೇರಿದರೆ 1 ಮಿಲಿ) ಬರುತ್ತದೆ, ಕೆಲಸಗಾರರ ಮಿತಿಯೂ ಅದರಲ್ಲೇ: ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20. ವರ್ಷಕ್ಕೆ 2000 ಗಂಟೆ ಕೆಲಸ ಅಂತ ಹಿಡಿದರೆ ಗಂಟೆಗೆ 10 ಮೈಕ್ರೋಸೀವರ್ಟ್. ಪೆನ್ನೇ ಬೇಡ. ಒಂದು ಭಾನುವಾರ ಲಾಲ್‌ಬಾಗ್ ಬಂಡೆಯ ಮೇಲೂ ಇಟ್ಟೆ, 0.2ರ ಆಸುಪಾಸು ತೋರಿಸಿತು. ಆ ಕಲ್ಲಿನಲ್ಲಿ ಒಂಚೂರು ಯುರೇನಿಯಂ, ಥೋರಿಯಂ ಸಹಜವಾಗಿಯೇ ಇರುತ್ತದೆ. ಮುಳ್ಳಿನ ಮೀಟರ್ ಅಲ್ಲಿ ಮಿಸುಕಲೂ ಇಲ್ಲ. "ಚಿನ್ನ ಹುಡುಕ್ತಾ ಇದೀರಾ ಸಾರ್?" ಅಂತ ಒಬ್ಬ ಅಜ್ಜ ಬಂದು ಕೇಳಿದರು.

ಡಿಜಿಟಲ್ ಮೀಟರ್‌ಗೂ ಒಂದು ಕೆಟ್ಟ ಚಾಳಿ ಇದೆ. 999 ದಾಟಿದ್ದೇ ತಾನಾಗಿ ಮಿಲಿಸೀವರ್ಟ್‌ಗೆ ಜಿಗಿದು 1.02 ಅನ್ನುತ್ತದೆ. "ಹತ್ತಿರ ಹೋದ್ರೆ ಕಮ್ಮಿ ಆಯ್ತಲ್ಲ ಸಾರ್" ಅಂದ ಅದೇ ಹುಡುಗ. ಎದೆ ಧಸಕ್ಕೆಂದಿತು.

ಸಿಪಿಎಸ್ ಮೀಟರ್ ಸೆಕೆಂಡಿಗೆ ಎಷ್ಟು ಟಿಕ್ ಅಂತ ಎಣಿಸುತ್ತದೆ, ಅಷ್ಟೇ. ಟ್ಯೂಬ್ ಬದಲಾದರೆ ಅಂಕಿಯೂ ಬದಲು. ಎಲ್ಲಾದರೂ ಅಂಟಿದ ವಿಕಿರಣ ಸೂಸುವ ಧೂಳು ಹುಡುಕಲು ಅದರಷ್ಟು ಚುರುಕು ಬೇರಿಲ್ಲ, ಡೋಸ್, ಅಂದರೆ ಮೈಗೆ ತಟ್ಟಿದ ಲೆಕ್ಕ, ಬರೆಯಲು ಮಾತ್ರ ಸುಮ್ನೆ ದಂಡ.

ಮೈಕ್ರೋಸೀವರ್ಟ್‌ನದನ್ನೇ ತರಿಸಿದೆ, ಅಲಾರಂ ಇರುವುದನ್ನು. ಲಾಗ್ ಬುಕ್ಕಿನ ಕಾಲಂ ತಲೆಯ ಮೇಲೆ ಯೂನಿಟ್ ಅಚ್ಚು ಹಾಕಿಸಿದ್ದೇನೆ. ಮುಳ್ಳಿನದು ಕಪಾಟಿನಲ್ಲಿದೆ, ಬೆನ್ನಿಗೆ "ಇಂಟು 10 ಮರೀಬೇಡಿ" ಅಂತ ಬಿಳಿ ಟೇಪ್ ಅಂಟಿಸಿಕೊಂಡು.